ಡಬ್ಬಿ ಹಂಚಾಕ ಕರೆಂಟ್ ಗಾಡಿ ತಗೋಬೇಕೊ ಬ್ಯಾಡೊ? ಬಾಡಿಗಿ ಮನಿಯಾಗ ಇರೋರು ಹೇಳ್ರಿ

ರೊಟ್ಟಿಡಬ್ಬಿ, ಹಳೇ ಹುಬ್ಬಳ್ಳಿ:

ಎಲ್ಲಾರಿಗೂ ನಮಸ್ಕಾರ್ರಿ. ಹಳೇ ಹುಬ್ಬಳ್ಳಿಯಾಗ ನಮ್ಮದೊಂದು ಖಾನಾವಳಿ ಐತಿ. ಖಾನಾವಳಿ ಅಂದ್ರ ಬೋರ್ಡಿಲ್ಲ, ಟೇಬಲ್ಲಿಲ್ಲ. ಮನಿಯಾಗ ಹೆಂಡತಿ ಮತ್ತ ನಮ್ಮವ್ವ ರೊಟ್ಟಿ ಬಡೀತಾರ, ನಾ ಡಬ್ಬಿ ಕಟಗೊಂಡು ಹೊಂಡತೀನಿ. ವಿದ್ಯಾನಗರದಾಗ ಎರಡು ಹಾಸ್ಟೆಲ್ಲು, ಗೋಕುಲ ರೋಡಿನಾಗ ಒಂದು ವರ್ಕ್‌ಶಾಪು, ನವನಗರದಾಗ ವಯಸ್ಸಾದೋರ ನಾಲ್ಕು ಮನಿ. ಮಧ್ಯಾಹ್ನ ಒಂದ್ ಸುತ್ತು, ರಾತ್ರಿ ಒಂದ್ ಸುತ್ತು. ಹದಿನೈದು ದಿವಸ ಮೀಟರ್ ನೋಡಿ ಕ್ಯಾಲೆಂಡರಿನ ಮ್ಯಾಲ ಬರದಿಟ್ಟೀನಿ, ದಿನಕ್ಕ 52 ಕಿಲೋಮೀಟರ್ ಆಗತೈತಿ. ರವಿವಾರ ಸೂಟಿ.

ಗಾಡಿ 2013ರ ಸ್ಕೂಟರ್. ಮೊದಲ 45 ಕೊಡತಿತ್ತು, ಈಗ 40ಕ್ಕ ಬಂದು ನಿಂತೈತಿ. ಸೈಲೆನ್ಸರ್ ತೂತಾಗೇತಿ, ಆ ಸಪ್ಪಳ ಕೇಳಿನ ಹಾಸ್ಟೆಲ್ ಹುಡುಗರು ಕೆಳಗ ಇಳೀತಾರ, ಫೋನ್ ಮಾಡೂ ಕೆಲಸ ಇಲ್ಲ. ತಿಂಗಳಿಗೆ 34 ಲೀಟರ್ ಕುಡೀತೈತಿ. ಲೀಟರಿಗೆ 103ರ ಆಜೂಬಾಜು ಹಿಡದ್ರ ಮೂರೂವರಿ ಸಾವಿರ. 2024ರ ಜೂನಿನಾಗ ಮಾರಾಟ ತೆರಿಗಿ ಏರಿಸಿ ಒಮ್ಮಿಗೇ ಮೂರು ರೂಪಾಯಿ ಹೆಚ್ಚಾತಲ್ರಿ, ಅವಾಗ ನಾ ಡಬ್ಬಿ ರೇಟ್ ಏರಸ್ಲಿಲ್ಲ. ಏರಸಾಕ ಧೈರ್ಯ ಇರಲಿಲ್ಲ ಅನ್ನೂದ ಖರೆ. ಎರಡು ರೂಪಾಯಿ ಏರಿಸಿದ್ರ ಹುಡುಗರು ಬಾಜೂ ಮೆಸ್ಸಿಗೆ ಹೋಗಿಬಿಡತಾರ.

ಮೊನ್ನಿ ಶೋರೂಮಿಗೆ ಹೋಗಿದ್ದೆ. 3.4 ಕಿಲೋವಾಟ್ ಅವರ್, ಅಂದ್ರ 3.4 ಯೂನಿಟ್ ಕರೆಂಟ್ ಹಿಡಿಯೂ ಬ್ಯಾಟರಿಯ ಗಾಡಿ, ಎಲ್ಲಾ ಸೇರಿ ಒಂದೂಕಾಲು ಲಕ್ಷ. 15 ಸಾವಿರ ಮುಂಗಡ ಕೊಟ್ರ ತಿಂಗಳಿಗೆ 3,600ರಂಗ ಮೂರು ವರ್ಷ ಕಂತು. ‘ಬಂಕಿಗೆ ಕೊಡೂ ರೊಕ್ಕಾ ಬ್ಯಾಂಕಿಗೆ ಕೊಡ್ರಿ ಸರ್, ಆಮ್ಯಾಲ ಎಲ್ಲಾ ನಿಮ್ಮದ’ ಅಂದ ಅಲ್ಲಿ ಹುಡುಗ. ಮಾತು ಚಲೋ ಐತಿ. ಆದ್ರ ಕರೆಂಟ್ ಏನು ಪುಕ್ಕಟ್ಟ ಬರತೈತೇನು?

ಬರತೈತಿ, ಅದ ನನ್ನ ತಲಿಬ್ಯಾನಿ. ಗೃಹಜ್ಯೋತಿಯಾಗ ನಮಗ 141 ಯೂನಿಟ್ ಮಾಫ್ ಐತಿ, 135ರ ಒಳಗ ಖರ್ಚು, ಬಿಲ್ ಸೊನ್ನಿ. ಗಾಡಿಗೆ ಹಚ್ಚಿದ್ರ 200 ದಾಟತೈತಿ, ಪೂರ್ತಿ ಬಿಲ್ ಕೊಡಬೇಕಾಗತೈತಿ ಅಂತ ಓಣ್ಯಾಗ ಎಲ್ಲಾರೂ ಹೆದರಸ್ಯಾರ. ಇನ್ನೊಂದು, ನಾವು ಇರೂದು ಎರಡನೇ ಮಾಳಿಗಿ ಬಾಡಿಗಿ ಮನಿ, ಗಾಡಿ ನಿಲ್ಲೂದು ಕೆಳಗ ಮಾಲಕರ ಬಾಗಲದಾಗ. ಮಾಲಕರು ವಯಸ್ಸಾದ ಅವ್ವಾರು, ಟಿವಿಯಾಗ ಬ್ಯಾಟರಿ ಸುಟ್ಟ ಸುದ್ದಿ ನೋಡಿ ಕುಂತಾರ. ನಮ್ಮ ಮಾವ ಶಿಗ್ಗಾವಿಯಿಂದ ಫೋನ್ ಮಾಡಿ, ‘ಪೆಟ್ರೋಲ್ ಗಾಡಿ ನಿಂತ್ರ ಯಾವ ಹಳ್ಳ್ಯಾಗಾದ್ರೂ ಒಬ್ಬ ಮೇಸ್ತ್ರಿ ಸಿಗತಾನ, ಅದು ನಿಂತ್ರ ಯಾರ ಕಡೆ ಹೋಗತಿ?’ ಅಂತ ಕೇಳಿದ್ರು. ಅದಕ್ಕ ನನ್ನ ಹತ್ರ ಉತ್ತರ ಇಲ್ಲ. ಒಂದ್ ದಿವಸ ಗಾಡಿ ನಿಂತ್ರ 38 ಡಬ್ಬಿ ಮನ್ಯಾಗ ಉಳೀತಾವ್ರಿ. ಇಟಗೊಂಡೋರು ಖರೆ ಖರೆ ಹೇಳ್ರಿ.

ಉಣಕಲ್ಲಿನಾಂವ:

ಅಣ್ಣಾರ, ನಾ 2022ರ ದಸರಾಕ್ಕ ತಗೊಂಡೀನಿ, 31 ಸಾವಿರ ಕಿಲೋಮೀಟರ್ ಆಗೇತಿ. ದಿನಾ ಉಣಕಲ್‌ದಿಂದ ಧಾರವಾಡಕ್ಕ ಹೋಗಿ ಬರತೀನಿ. ಧಾರವಾಡ ಎತ್ತರದಾಗೈತಲ್ಲ, ಹುಬ್ಬಳ್ಳಿ 670 ಮೀಟರ್ ಇದ್ರ ಅದು 750ರ ಹತ್ರ, ಅದು ಬ್ಯಾಟರಿಗೆ ಗೊತ್ತಾಗತೈತಿ. ಹೋಗೂ ಮುಂದ 17 ಪರ್ಸೆಂಟ್ ತಿಂತೈತಿ, ಬರೂ ಮುಂದ 15ಕ್ಕ ಮುಗಸತೈತಿ. ಒಮ್ಮೆ ಫುಲ್ ಚಾರ್ಜ್ ಮಾಡಿದ್ರ ಕಂಪನಿಯವರು ಹೇಳಿದ್ದು 115 ಕಿಲೋಮೀಟರ್, ನನಗ ಸಿಗೂದು 85ರಿಂದ 90. ನಿಮ್ಮ 52ಕ್ಕ ಅದು ಸಾಕಾಗಿ ಉಳೀತೈತಿ.

ನಿಮ್ಮಂಥಾ ನಿಂತು ನಿಂತು ಹೋಗೂ ಕೆಲಸಕ್ಕ ಇದ ಚಲೋ. ಬಿಆರ್‌ಟಿಎಸ್ ರೋಡಿನಾಗ (ಚಿಗರಿ ಬಸ್ಸಿಗೆ ಬ್ಯಾರೆ ದಾರಿ ಬಿಟ್ಟ ಹುಬ್ಬಳ್ಳಿ-ಧಾರವಾಡ ರೋಡು) ಸಿಗ್ನಲ್ಲಿಗೊಮ್ಮೆ ನಿಂತಾಗ ಪೆಟ್ರೋಲ್ ಎಂಜಿನ್ ಸುಮ್ಮಸುಮ್ಮನ ಉರೀತಿರತೈತಿ. ಇದು ನಿಂತ್ರ ನಿಂತಂಗ. ವೇಗ ಇಳಿಸಿದಾಗ ಚೂರು ಕರೆಂಟ್ ತಿರುಗಿ ಬ್ಯಾಟರಿಗೇ ಹೊಕ್ಕೈತಿ.

ಆದ್ರ ದೂರದ ಊರಿಗೆ ಹೊಂಟ್ರ ಲೆಕ್ಕಾ ಬ್ಯಾರೆ. ಹೋದ ವರ್ಷ ಆಷಾಢದಾಗ ಗದಗಿಗೆ ಹೋಗಿದ್ದೆ, 58 ಕಿಲೋಮೀಟರ್. ಹೋಗೂ ಮುಂದ ಗಾಳಿ ಬೆನ್ನಿಗಿತ್ತು, ಹಾರಿಕೊಂಡು ಹೋದೆ. ಗದಗಿನಾಗ ಗೆಳೆಯನ ಮನ್ಯಾಗ ಅರ್ಧಾ ತಾಸು ಚಾರ್ಜಿಗೆ ಹಚ್ಚಿ, ಸಾಕು ಅಂತ ಹೊಂಟೆ. ಬರೂ ಮುಂದ ಪಡುವಣ ಗಾಳಿ ಎದಿಗೆ ಹೊಡೀಲಿಕ್ಕತ್ತು. 65ರ ಮ್ಯಾಲ ಓಡಿಸಿದ್ದು ನನ್ನ ತಪ್ಪು, ವೇಗ ಏರಿದಂಗ ಗಾಳಿ ತಡಿಯೂದು ವೇಗಕ್ಕಿಂತ ಜೋರಾಗಿ ಏರತೈತಿ. ಗದಗ ಸೀಮ್ಯಾಗ ಸಾಲಕ ಗಾಳಿಗಿರಣಿ ನಿಂತು ತಿರಗತಾವಲ್ಲ, ಅವನ್ನ ತಿರಗಸೂ ಗಾಳಿನ ನನ್ನ ಕರೆಂಟ್ ತಿಂತು ನೋಡ್ರಿ! ಅಣ್ಣಿಗೇರಿ ಮುಟ್ಟೂದ್ರಾಗ 4 ಪರ್ಸೆಂಟ್. ಒಬ್ಬರು ಕಿರಾಣಿ ಅಂಗಡಿಯವರು ಫ್ರಿಜ್ಜಿನ ಪ್ಲಗ್ ತಗದು ನನ್ನದು ಹಚ್ಚಿಸಿದ್ರು. ಎರಡೂವರಿ ತಾಸು ಅವರ ಬಾಕಿನ ಮ್ಯಾಲ ಕುಂತೆ. ರೊಕ್ಕಾ ಬ್ಯಾಡ ಅಂದ್ರು, ಸುಮ್ಮನ ಹೋಗಾಕ ಮನಸ್ಸು ಬರದ ಎರಡು ಕಿಲೋ ಅಣ್ಣಿಗೇರಿ ಕಡ್ಲಿ ಕೊಂಡು ಬಂದೆ. ಮನ್ಯಾಗ ‘ಗದಗಿಗೆ ಹೋಗಿ ಕಡ್ಲಿ ತಂದಾನ’ ಅಂತ ಇನ್ನೂ ನಗತಾರ.

ಮುಳಗುಂದ ನಾಕಾ ಗ್ಯಾರೇಜ್, ಗದಗ:

ನಿಮ್ಮ ಮಾವ ಹೇಳಿದ್ದಕ್ಕ ನಂದು ಸಹಿ. ಇಪ್ಪತ್ತೆರಡು ವರ್ಷದಿಂದ ಸ್ಪ್ಯಾನರ್ ಹಿಡದೀನಿ. ಆಯಿಲ್ ಬದಲಸೂದು, ಪ್ಲಗ್ ಸ್ವಚ್ಛ ಮಾಡೂದು, ಕಾರ್ಬುರೇಟರ್ ಬಿಚ್ಚೂದು, ಕ್ಲಚ್, ಇವೆಲ್ಲಾ ಕರೆಂಟ್ ಗಾಡಿಗೆ ಇಲ್ಲ. ನನ್ನ ಹೊಟ್ಟಿ ಮ್ಯಾಲ ಕಾಲಿಡೂ ಗಾಡಿ ಅದು, ಹಂಗಾಗಿ ನಾ ಬೈದ್ರ ಅರ್ಧಾ ನಂಬ್ರಿ.

ಉಳದರ್ಧಾ ಕೇಳ್ರಿ. ನಮ್ಮ ಗಿರಾಕಿ ಒಬ್ಬರದು ಗಾಡಿ ಮಳ್ಯಾಗ ನಿಂತು ಕಂಟ್ರೋಲರ್ (ಬ್ಯಾಟರಿಯಿಂದ ಮೋಟರಿಗೆ ಎಷ್ಟ್ ಕರೆಂಟ್ ಬಿಡಬೇಕಂತ ನೋಡಕೊಳ್ಳೂ ಪೆಟ್ಟಿಗಿ) ಹೋತು. ಯಾವ ಕಂಪನಿ ಅಂತ ಬರಿಯೂದಿಲ್ಲ. ನಾ ಬಿಚ್ಚಿದ್ರ ವಾರಂಟಿ ಹೋಗತೈತಿ, ಬಿಚ್ಚಲಿಲ್ಲಂದ್ರ ಗಾಡಿ ಎದ್ದೇಳೂದಿಲ್ಲ. ಟಾಟಾ ಏಸಿನಾಗ ಹೇರಿ ಹುಬ್ಬಳ್ಳಿಗೆ ಕಳಿಸಿದ್ವಿ, ಬಾಡಿಗಿನ 1,800. ಪಾರ್ಟ್ ಬರಾಕ 24 ದಿವಸ. ದಿನಾ ಮುಂಜಾನೆ ಫೋನ್ ಹಚ್ಚಿದ್ರ ಒಂದು ಹುಡುಗಿ ‘ನಿಮ್ಮ ಕರೆ ನಮಗೆ ಮುಖ್ಯ’ ಅಂತಿತ್ತು, ಮುಂದ ಸಂಗೀತ. ನೀವು ಕೇಳಬೇಕಾದ್ದು ಮೈಲೇಜ್ ಅಲ್ಲ ಅಣ್ಣಾರ. ‘ಕಂಟ್ರೋಲರ್, ಚಾರ್ಜರ್, ಡಿಸ್ಪ್ಲೇ ಇವು ಹುಬ್ಬಳ್ಳಿ ಗೋಡೌನಿನಾಗ ಅದಾವೋ ಇಲ್ಲೋ, ಕಣ್ಣಿಗೆ ತೋರಸ್ರಿ’ ಅನ್ರಿ. ಶೋರೂಮಿಗೆ ಹೋಗಬ್ಯಾಡ್ರಿ, ಮಂಗಳವಾರ ಮುಂಜಾನೆ ಅದರ ಸರ್ವಿಸ್ ಸೆಂಟರಿಗೆ ಹೋಗಿ ಹಿತ್ತಲದಾಗ ಎಷ್ಟ್ ಗಾಡಿ ಧೂಳ ಹಿಡದ್ ನಿಂತಾವ ಅಂತ ಎಣಸ್ರಿ.

ನಿಮ್ಮ ಹಳೇ ಗಾಡಿ 45ರಿಂದ 40ಕ್ಕ ಇಳದದ್ದು ಬರೇ ವಯಸ್ಸಿನ ತಪ್ಪಲ್ಲ. ಈಗ ಪೆಟ್ರೋಲಿನಾಗ 20 ಪರ್ಸೆಂಟ್ ಎಥೆನಾಲ್. ಎಥೆನಾಲಿನಾಗ ಪೆಟ್ರೋಲಿಗಿಂತ ಮೂರರಾಗ ಒಂದು ಪಾಲು ಶಕ್ತಿ ಕಡಿಮಿ, ಮ್ಯಾಲ ಅದು ನೀರು ಹೀರತೈತಿ. ಗಾಡಿಯ ರಬ್ಬರ್ ಪೈಪು, ವಾಷರುಗಳನ್ನ ಇದಕ್ಕ ತಕ್ಕಂಗ ಮಾಡಾಕ ಹತ್ತಿದ್ದು 2023ರ ಏಪ್ರಿಲ್‌ದಿಂದ. ನಿಮ್ಮದು ಹತ್ತು ವರ್ಷ ಹಿಂದಿಂದು. ಕಾರ್ಬುರೇಟರ್ ವಾಷರ್ ಒಮ್ಮೆ ನೋಡಸ್ರಿ, ಇಲ್ಲಿಗೆ ತಂದ್ರ ನಾನ ನೋಡತೀನಿ. ನನ್ನ ಹೊಟ್ಟಿನೂ ನಡೀಬೇಕಲ್ರಿ.

ಮಾಳಮಡ್ಡಿ, ಧಾರವಾಡ:

ಕರೆಂಟ್ ಗಾಡಿ ಎಂದರೆ ಹೊಗೆಯೇ ಇಲ್ಲ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಡುತ್ತಲೇ ಇದೆ. ಆದರೆ ನಮ್ಮ ತಂತಿಯಲ್ಲಿ ಶರಾವತಿಯ ನೀರೂ ಇದೆ, ಕೈಗಾದ ಅಣುವೂ ಇದೆ, ಪಾವಗಡದ ಬಿಸಿಲೂ ಇದೆ, ಮೇಲಿನವರು ಹೇಳಿದ ಗದಗಿನ ಗಾಳಿಯೂ ಇದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಹಾಕಿದ ಶಕ್ತಿಯಲ್ಲಿ ಕಾಲು ಭಾಗದಷ್ಟು ಮಾತ್ರ ಗಾಲಿಗೆ ಹೋಗುತ್ತದೆ, ಉಳಿದದ್ದು ಬಿಸಿ. ಸಿಗ್ನಲ್ಲಿನಲ್ಲಿ ಅದರ ಬಿಸಿ, ಹೊಗೆ ಎರಡನ್ನೂ ಮುಖಕ್ಕೆ ತಗೊಂಡು ನಿಲ್ಲುವವರು ನಾವೇ. ಚಿಗರಿ ಬಸ್ಸು ಬಂದಾಗಲೇ ಡೀಸೆಲ್ಲಿನ ಬದಲು ವಿದ್ಯುತ್ತಿನದು ತಂದಿದ್ದರೆ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಡಬ್ಬಿಯವರ ಪ್ರಶ್ನೆಗೆ ಇದರಿಂದ ಉಪಯೋಗವಿಲ್ಲ, ಕ್ಷಮಿಸಿ.

ನಿವೃತ್ತ ಲೈನ್‌ಮನ್, ಹಾವೇರಿ:

ತಮ್ಮಾ, ಕರೆಂಟಿನ ಮಾತು ನನಗ ಬಿಡು. ಮೊದಲ ಬಿಲ್ಲಿನ ಲೆಕ್ಕಾ. 52 ಕಿಲೋಮೀಟರಿಗೆ ಚಾರ್ಜರಿನಾಗ ಹೋಗೂದೂ ಸೇರಿ ಎರಡು ಯೂನಿಟ್ ಹಿಡಿ. ತಿಂಗಳಿಗೆ 26 ದಿವಸ, 52 ಯೂನಿಟ್. ನಿಂದು 135 ಕೂಡಿಸಿದ್ರ 187. 200ರ ಒಳಗ ಇದ್ದಷ್ಟು ದಿವಸ ನಿನ್ನ 141ರ ಮ್ಯಾಲಿನ 46 ಯೂನಿಟ್ಟಿಗಷ್ಟ ರೊಕ್ಕಾ, ಯೂನಿಟ್ಟಿಗೆ ಆರು ರೂಪಾಯಿ ಹತ್ರ ಹತ್ರ, ತೆರಿಗಿ ಸೇರಿ ಮುನ್ನೂರು. ಬ್ಯಾಸಿಗಿಯಾಗ ಫ್ಯಾನ್ ಹಗಲೂರಾತ್ರಿ ತಿರಗಿ 200 ದಾಟಿದ್ರ ಆ ತಿಂಗಳ ಪೂರ್ತಿ ಬಿಲ್ ಬರತೈತಿ. ನಿಗದಿ ಶುಲ್ಕ ಸೇರಿ ಹದಿನೈದ ಹದಿನಾರು ನೂರು. ಓಣ್ಯಾವ್ರು ಹೆದರಸೂದು ಅಷ್ಟಕ್ಕ. ಅದ್ರಾಗೂ ಪೆಟ್ರೋಲಿನ ಮೂರೂವರಿ ಸಾವಿರದ ಅರ್ಧಾ ಆಗೂದಿಲ್ಲ. ಅಂಥಾ ತಿಂಗಳು ವರ್ಷದಾಗ ಎರಡೋ ಮೂರೋ. ಗಾಡಿ ಚಾರ್ಜಿಂಗಿಗಂತ ಬ್ಯಾರೆ ದರದಾಗ ಬ್ಯಾರೆ ಮೀಟರೂ ಕೊಡತಾರ, ಆದ್ರ ಮಾಲಕರ ಒಪ್ಪಿಗಿ ಬೇಕು, ನಿನ್ನ 52 ಯೂನಿಟ್ಟಿಗೆ ಅಷ್ಟ ಓಡಾಟ ಯಾಕ.

ಈಗ ಬೆಂಕಿ ಮಾತು. ನಾ ನೋಡಿದ ಮಟ್ಟಿಗೆ ಮನ್ಯಾಗ ಮೊದಲ ಸುಡೂದು ಬ್ಯಾಟರಿ ಅಲ್ಲ, ಸಡ್ಲಾದ ಪ್ಲಗ್ಗು. ನಮ್ಮ ಬಾಜೂ ಓಣ್ಯಾಗ ಒಬ್ಬರು ಟಿವಿಗೆ ಹಚ್ಚೂ ಎಕ್ಸ್‌ಟೆನ್ಶನ್ ಬಾಕ್ಸಿನಿಂದ ಗಾಡಿಗೆ ಹಚ್ಚತಿದ್ರು. ಐದು ತಾಸು ಸತತ ಕರೆಂಟ್ ಹರದು ತೂತು ಹಪ್ಪಳದಂಗ ಉಬ್ಬಿತ್ತು, ಪ್ಲಾಸ್ಟಿಕ್ ವಾಸನಿ ಬಂದದ್ದಕ್ಕ ಉಳಕೊಂಡ್ರು. ನೀ ಹಂಗ ಮಾಡಬ್ಯಾಡ. ನಿನ್ನ ಮೀಟರಿನಿಂದ 2.5 ಚದರ ಮಿಲಿಮೀಟರಿನ ಮೂರೆಳಿ ತಂತಿ, ಪೈಪಿನೊಳಗ ಕೆಳಗ ಇಳಸು. ಕಿಟಕಿಯಿಂದ ಜೋತಾಡಸಬ್ಯಾಡ. ಕೆಳಗ 16 ಆಂಪ್ಸಿನ ಸಾಕೆಟ್, ಕರೆಂಟ್ ಮಿತಿ ಮೀರಿದ್ರ ತಾನ ಬಂದ್ ಆಗೂ ಎಂಸಿಬಿ, ಜೊತಿಗೆ ಕರೆಂಟ್ ಸೋರಿದ್ರ ಬಂದ್ ಮಾಡೂ 30 ಮಿಲಿ ಆಂಪ್ಸಿನ ಆರ್‌ಸಿಸಿಬಿ. ಮೊದಲ ವಾರ ಅರ್ಧಾ ತಾಸಿಗೊಮ್ಮೆ ಪ್ಲಗ್ ಮುಟ್ಟಿ ನೋಡು. ಉಗುರುಬೆಚ್ಚಗಿದ್ರ ಸೈ, ಕೈ ಹಿಂದ ತಗೊಳ್ಳೂವಂಗಿದ್ರ ಆರಿಸು.

ಅರ್ಥಿಂಗ್ ನೋಡಸು. ಹಳೇ ಮನಿಗಳೊಳಗ ಅರ್ಥಿಂಗ್ ತಂತಿ ಬಚ್ಚಲದ ನಳಕ್ಕ ಸುತ್ತಿರತಾರ, ನಾನ ಎಷ್ಟೋ ಬಿಚ್ಚೀನಿ. ಫೇಸಿಗೂ ಅರ್ಥಿಂಗಿಗೂ ನಡುವ ಬಲ್ಬ್ ಹಚ್ಚಿದ್ರ ಪೂರ್ತಿ ಬೆಳಗಬೇಕು, ಮಿಣಮಿಣ ಅಂದ್ರ ಅರ್ಥಿಂಗ್ ಗುಂಡಿ ಒಣಗೇತಿ ಅಂತ ತಿಳಿ. ಇದನ್ನ ವಾಯರ್‌ಮನ್ ಕಡೆನ ಮಾಡಸು, ನೀ ಮಾಡಾಕ ಹೋಗಬ್ಯಾಡ. ಉಪ್ಪು ಇದ್ದಲಿಯ ಗುಂಡಿ ಇದ್ರ ಬ್ಯಾಸಿಗಿಯಾಗ ವಾರಕ್ಕೊಂದು ಕೊಡ ನೀರು ಹಾಕು.

ಬ್ಯಾಟರಿ ವಿಷಯಕ್ಕ ಒಂದ ಮಾತು. ಸುಡೂ ಬಿಸಲಾಗ ಓಡಿಸಿ ಬಂದ ಕೂಡ್ಲೆ ಹಚ್ಚಬ್ಯಾಡ, ಒಂದು ತಾಸು ಆರಲಿ. ಬ್ಯಾಟರಿಯ ಬಿಗಿ ನಿಯಮ ಬಂದದ್ದು 2022ರ ಡಿಸೆಂಬರ್ ಮತ್ತ 2023ರ ಮಾರ್ಚಿನಾಗ, ಎರಡು ಹಂತದಾಗ. ಅದಕ್ಕಿಂತ ಹಿಂದಿನ ಸೆಕೆಂಡ್ ಹ್ಯಾಂಡ್ ಗಾಡಿ ಎಷ್ಟ ಸಸ್ತಾ ಸಿಕ್ರೂ ಬ್ಯಾಡ.

ರೊಟ್ಟಿಡಬ್ಬಿ, ಹಳೇ ಹುಬ್ಬಳ್ಳಿ:

ಎಲ್ಲಾರಿಗೂ ತಿರುಗಿ ಬರೀಲಿಕ್ಕೆ ಐದು ವಾರ ಆತು, ಸಿಟ್ಟಾಗಬ್ಯಾಡ್ರಿ.

ಗದಗಿನ ಅಣ್ಣಾರ ಹೇಳಿದಂಗ ಮಂಗಳವಾರ ಮುಂಜಾನೆ ಸರ್ವಿಸ್ ಸೆಂಟರುಗಳಿಗೆ ಹೋದೆ. ಒಂದರ ಹಿತ್ತಲದಾಗ 17 ಗಾಡಿ ಎಣಿಸಿದೆ, ಒಂದರ ಸೀಟಿನ ಮ್ಯಾಲ ಬೆಕ್ಕು ಮರಿ ಹಾಕಿತ್ತು. ಅಲ್ಲಿಂದ ಹಂಗ ಹಿಂದ ತಿರುಗಿದೆ. ಇನ್ನೊಂದ್ರಾಗ ಮೂರು ಇದ್ವು, ಮೇಸ್ತ್ರಿ ಒಳಗ ಕರದು ಕಪಾಟಿನಾಗಿನ ಕಂಟ್ರೋಲರ್ ಡಬ್ಬಿ ತೋರಿಸಿದ. ಆ ಕಂಪನಿ ಗಾಡಿನ ತಗೊಂಡೆ. ಗಾಡಿ ಹೊಸೂರಾಗ ತಯಾರಾಗತೈತಿ ಅಂದದ್ದಕ್ಕ ಹೆಂಡತಿ ‘ಹೊಸೂರ ಸರ್ಕಲ್ಲಿನಾಗ ಫ್ಯಾಕ್ಟರಿ ಯಾವಾಗ ಆತು?’ ಅಂದ್ಲು. ತಮಿಳುನಾಡಿನ ಹೊಸೂರು ಅಂತ ತಿಳಿಸಿ ಹೇಳಬೇಕಾತು.

ಮಾಲಕರ ಅವ್ವಾರನ್ನ ಒಪ್ಪಸೂದು ಶೋರೂಮಿಗಿಂತ ಕಠಿಣ ಆತು. ಹಾವೇರಿ ಕಾಕಾ ಬರದದ್ದನ್ನ ಅವರ ಮುಂದ ಓದಿದೆ. ಉಳದದ್ದೆಲ್ಲಾ ಸುಮ್ಮನ ಕೇಳಿದ್ರು, ಬಚ್ಚಲದ ನಳ ಅಂದ ಕೂಡ್ಲೆ ಎದ್ದು ಹೋಗಿ ನೋಡಿ ಬಂದ್ರು. ಅಲ್ಲೇ ಸುತ್ತಿತ್ರಿ ಕಾಕಾ, ಹಸರ ತಂತಿ. ಮರುದಿನ ಅವರ ವಾಯರ್‌ಮನ್ನನ್ನ ಕರಸಿದ್ರು, ಹೊಸ ಗುಂಡಿ ಅವರದು, ಪೈಪು, ತಂತಿ, ಸಾಕೆಟ್ ನಂದು. ನಂದು 2,900 ಖರ್ಚಾತು. ಮ್ಯಾಲೊಂದು ಕರಾರು ಹಾಕ್ಯಾರ, ರಾತ್ರಿ ಹತ್ತಾದ ಮ್ಯಾಲ ಹಚ್ಚಂಗಿಲ್ಲ. ಅದಕ್ಕ ಮಧ್ಯಾಹ್ನದ ಸುತ್ತು ಮುಗಿಸಿ, ಉಂಡು, ನಾಲ್ಕಕ್ಕ ಹಚ್ಚತೀನಿ, ಏಳಕ್ಕ ತಗೀತೀನಿ. ಮೊದಲನೇ ತಿಂಗಳ ಬಿಲ್ 290 ರೂಪಾಯಿ ಬಂತು. ಅದನ್ನ ದೇವರ ಜಗಲಿ ಮ್ಯಾಲ ಇಟ್ಟಾಳ ನಮ್ಮವ್ವ, ಯಾಕಂತ ಕೇಳಿಲ್ಲ.

ಹಳೇದನ್ನ ಮಾರಿಲ್ಲ. ಎಂಟು ಸಾವಿರಕ್ಕ ಕೇಳಿದ್ರು, ಮನಸ್ಸಾಗಲಿಲ್ಲ. ಶಿಗ್ಗಾವಿಗೆ ಹೋಗಾಕ ಅದ ಇರಲಿ, ಮಾವಗೂ ಮಾತು ಉಳದಂಗಾತು.

ಒಂದ ತ್ರಾಸು ಯಾರೂ ಹೇಳಿರಲಿಲ್ಲ. ಮೊದಲ ದಿವಸ ವಿದ್ಯಾನಗರ ಹಾಸ್ಟೆಲ್ ಗೇಟಿಗೆ ಹೋಗಿ ಹತ್ತು ನಿಮಿಷ ನಿಂತೀನಿ, ಒಬ್ಬ ಹುಡುಗನೂ ಕೆಳಗ ಬರಲಿಲ್ಲ. ಸಪ್ಪಳನ ಇಲ್ಲಲ್ರಿ! ಮ್ಯಾಲ ಕಿಟಕಿಯಾಗ ‘ಇವತ್ತ ಅಣ್ಣಾ ಬರಲಿಲ್ಲ, ಮ್ಯಾಗಿ ಮಾಡೂನು’ ಅನ್ನೂದು ಕೇಳಿಸ್ತು. ಹಾರ್ನ್ ಹೊಡದ್ರ ವಾರ್ಡನ್ ಬೈತಾರ. ಈಗ ಸ್ಟೀಲ್ ಚಮಚ ತಗೊಂಡು ಖಾಲಿ ಡಬ್ಬಿ ಮುಚ್ಚಳದ ಮ್ಯಾಲ ಮೂರು ಸಲ ಬಡೀತೀನಿ.