ಫ್ರೀಫಾರ್ಮ್ ರೇಡಿಯೊ ಕೇಳೋದು ಹೇಗೆ? ನನಗೆ ಹತ್ತು ನಿಮಿಷಕ್ಕೇ ತಲೆ ಕೆಡ್ತಿದೆ

ಶ್ರುತಿಹೀನ:
ಫ್ರೀಫಾರ್ಮ್ ಅಂದ್ರೆ ಡಿಜೆ ತನಗೆ ಬೇಕಾದ್ದೇ ಹಾಕೋ ರೇಡಿಯೊ ಅಂತೆ. ಯಾರೋ ಹೇಳಿದರು ಅಂತ ಅಮೆರಿಕದ ಅಂಥದೊಂದು ಸ್ಟೇಷನ್, ಡಬ್ಲ್ಯುಎಫ್‌ಎಂಯು, ಅದರ ಸ್ಟ್ರೀಮ್ ಹಾಕಿಕೊಂಡು ಕೂತಿದೀನಿ. ಮೊದಲು ಯಾವುದೋ ಗ್ಯಾರೇಜ್ ರಾಕ್, ಚೆನ್ನಾಗಿತ್ತು. ಅದರ ಬಾಲಕ್ಕೇ ಹಳೇ ಫ್ರಿಜ್ ಗುಂಯ್‌ಗುಟ್ಟೋ ಥರ ಒಂದೇ ಸ್ವರ, ಮುಗಿಯೋದೇ ಇಲ್ಲ. ಆಮೇಲೆ ಬಲ್ಗೇರಿಯದ ಹೆಂಗಸರ ಕೋರಸ್, ಆಮೇಲೆ ಯಾವನೋ ಟೇಪ್ ಹಿಂದುಮುಂದು ಎಳೀತಾನೆ. ಹಾಡಿನ ಹೆಸರು ಕೂಡ ಹೇಳಲ್ಲ. ನಿಜವಾಗ್ಲೂ ಇಷ್ಟಪಟ್ಟು ಕೇಳ್ತೀರಾ, ಅಥವಾ ಇದೆಲ್ಲ ಷೋಕಿನಾ? ಜಗಳಕ್ಕೆ ಕೇಳ್ತಿಲ್ಲ, ಕೇಳೋ ದಾರಿ ಗೊತ್ತಾಗ್ತಿಲ್ಲ ಅಷ್ಟೆ.

ಮಂದ್ರ_ಪಂಚಮ:
ಷೋಕಿಯವರೂ ಇದಾರೆ, ಅವರನ್ನ ಬಿಡಿ.

ನೀವು ಒಂದೊಂದೇ ಹಾಡನ್ನ ಹಿಡಿದು ತೂಗ್ತಿದೀರಿ. ಅಲ್ಲಿ ಲೆಕ್ಕಕ್ಕೆ ಬರೋದು ಸೆಟ್. ಡಿಜೆ ಐದಾರು ಟ್ರ್ಯಾಕ್ ಮಾತಿಲ್ಲದೆ ಒಂದರ ಬೆನ್ನಿಗೆ ಒಂದು ಹೊಲಿದು, ಆಮೇಲೆ ಮೈಕ್ ತಗೊಂಡು ಇಷ್ಟು ಹೊತ್ತು ಕೇಳಿದ್ದೇನು ಅಂತ ಹಿಂದಿನಿಂದ ಮುಂದಕ್ಕೆ ಹೇಳ್ತಾರೆ. ಹೆಸರು ಮೊದಲೇ ಹೇಳಿಬಿಟ್ಟರೆ ನಾವು ಕೇಳೋದು ಹೆಸರನ್ನೇ. 'ಓ, ಇದು ನನಗಾಗಲ್ಲ' ಅಂತ ಕಿವಿ ಬಾಗಿಲು ಹಾಕಿಬಿಡುತ್ತೆ.

ಕಸುಬು ಇರೋದು ಒಂದು ಟ್ರ್ಯಾಕ್ ಇನ್ನೊಂದಕ್ಕೆ ಸೇರೋ ಕೀಲಿನಲ್ಲಿ. ಮೊನ್ನೆ ಒಂದು ಷೋನಲ್ಲಿ ಟೇಪ್ ಲೂಪ್ ಒಂದು ಸುತ್ತಿ ಸುತ್ತಿ ಸವೆದು, ಕೊನೆಗೆ ಬರೀ ಹಿಸ್, ಅಂದ್ರೆ ಟೇಪಿನ ಸುಸ್ಸನ್ನೋ ಸದ್ದು, ಉಳೀತು. ಇನ್ನೇನು ಮುಗೀತು ಅನ್ನೋ ಹೊತ್ತಿಗೆ ಆ ಹಿಸ್ ಸ್ವಲ್ಪ ಒರಟಾಯ್ತು, ಮಧ್ಯೆ ಮಧ್ಯೆ ಟಕ್ ಟಕ್ ಅಂತ ಬರೋಕೆ ಶುರುವಾಯ್ತು. ನೋಡಿದರೆ ಅದು ಆಗಲೇ ಹಳೇ 78 ಆರ್‌ಪಿಎಂ ಗ್ರಾಮಫೋನ್ ರೆಕಾರ್ಡಿನ ಕರಕರ! ಹಿಂದಿನದು ಯಾವಾಗ ಹೋಯ್ತು, ಇದು ಯಾವಾಗ ಬಂತು ಗೊತ್ತೇ ಆಗಲಿಲ್ಲ. ಅದರೊಳಗಿಂದ ಒಂದು ಪಿಟೀಲು ಎದ್ದು ಬಂತು. ಎರಡನ್ನೂ ಬೇರೆ ಬೇರೆ ಕೇಳಿಸಿದ್ದರೆ ನಾನೂ ಮುಂದಕ್ಕೆ ಓಡಿಸ್ತಿದ್ದೆ.

ಇನ್ನು 'ಮುಗಿಯೋದೇ ಇಲ್ಲ' ಅಂದಿರಿ. ಅಷ್ಟು ಹೊತ್ತು ಒಂದೇ ಸ್ವರ ಬಿಡೋ ಧೈರ್ಯ ಎಲ್ಲಿಂದ ಬರುತ್ತೆ ಅಂದರೆ ಅಲ್ಲಿ ಜಾಹೀರಾತಿಲ್ಲ. ಕೇಳುಗರ ದುಡ್ಡಲ್ಲಿ ನಡೆಯೋ ಸ್ಟೇಷನ್ ಅದು, ಡಿಜೆಗಳಿಗೆ ಸಂಬಳ ಇಲ್ಲ, ವರ್ಷಕ್ಕೊಮ್ಮೆ 'ಮ್ಯಾರಥಾನ್' ಅಂತ ದೇಣಿಗೆ ಎತ್ತುತ್ತಾರೆ. 1958ರಲ್ಲಿ ನ್ಯೂಜೆರ್ಸಿಯ ಅಪ್ಸಾಲಾ ಕಾಲೇಜಿನಲ್ಲಿ ಶುರುವಾದದ್ದು. ಕಾಲೇಜು 1995ರಲ್ಲಿ ಬಾಗಿಲು ಹಾಕ್ತು. ಸ್ಟೇಷನ್ನಿನವರು ಅದಕ್ಕೆ ಮೊದಲೇ ಲೈಸೆನ್ಸ್ ಕೊಂಡುಕೊಂಡಿದ್ದರು, ಹಾಗಾಗಿ ಬಚಾವ್. ಈಗ ಜೆರ್ಸಿ ಸಿಟಿಯಲ್ಲಿದೆ, 91.1 ಎಫ್‌ಎಂ.

ಕಮರ್ಷಿಯಲ್ ರೇಡಿಯೊದಲ್ಲೂ ಇದು ಸ್ವಲ್ಪ ಕಾಲ ನಡೆದಿತ್ತು. ದೊಡ್ಡ ನಗರಗಳಲ್ಲಿ ಎಎಂ ಕಾರ್ಯಕ್ರಮವನ್ನೇ ಇಡೀ ದಿನ ಎಫ್‌ಎಂನಲ್ಲೂ ಬಿಡೋ ಹಾಗಿಲ್ಲ ಅಂತ ಅಮೆರಿಕದ ರೇಡಿಯೊ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಮಾಡಿದ ನಿಯಮ 1967ರಲ್ಲಿ ಜಾರಿಗೆ ಬಂತು. ಖಾಲಿ ಬಿದ್ದ ಗಂಟೆಗಳಿಗೆ ಏನಾದರೂ ತುಂಬಬೇಕಲ್ಲ? ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೊದ ಕೆಎಂಪಿಎಕ್ಸ್‌ನಲ್ಲಿ ಟಾಮ್ ಡೊನಹ್ಯೂ ತನಗೆ ಬೇಕಾದ್ದು ಹಾಕೋಕೆ ಶುರು ಮಾಡಿದ. ಕಮರ್ಷಿಯಲ್ ಅಲ್ಲದ, ಕೇಳುಗರ ದುಡ್ಡಿನ ಸ್ಟೇಷನ್ನಾದ ನ್ಯೂಯಾರ್ಕಿನ ಡಬ್ಲ್ಯುಬಿಎಐನಲ್ಲಿ ಬಾಬ್ ಫಾಸ್ ಅದಕ್ಕೂ ಮೊದಲೇ, 1963ರಿಂದ, ರಾತ್ರಿಯೆಲ್ಲ ಹಾಡು, ಫೋನ್ ಕರೆ, ಹರಟೆ ಎಲ್ಲ ಕಲಸಿ ನಡೆಸ್ತಿದ್ದ. ಎಫ್‌ಎಂನಲ್ಲಿ ದುಡ್ಡು ಕಂಡಮೇಲೆ ಕಂಪನಿಯವರು ಹಾಕಬೇಕಾದ ಹಾಡುಗಳ ಪಟ್ಟಿ ಹಿಡಿದುಕೊಂಡು ಬಂದರು, ಡಿಜೆ ಕೈ ಕಟ್ಟಿದರು. ಉಳಿದದ್ದು ಕಾಲೇಜು ಸ್ಟೇಷನ್‌ಗಳು, ಇಂಥ ದೇಣಿಗೆ ಸ್ಟೇಷನ್‌ಗಳು.

ಟೇಪ್ ಎಳೆಯೋನ ಬಗ್ಗೆ: ಅವನ ತವರೇ ರೇಡಿಯೊ. ಪಿಯೇರ್ ಶೆಫೇರ್ ಫ್ರೆಂಚ್ ರೇಡಿಯೊದ ಎಂಜಿನಿಯರ್. ರೈಲಿನ ಸದ್ದು ಡಿಸ್ಕಿಗೆ ಹಿಡಿದು, ಗೆರೆ ಸುತ್ತಿ ತನ್ನ ಬಾಲವನ್ನೇ ಸೇರೋ ಹಾಗೆ ಕೊರೆದ. ಮುಳ್ಳು ಅಲ್ಲೇ ಸುತ್ತುತ್ತೆ, ಒಂದೇ ತುಣುಕು ಮತ್ತೆ ಮತ್ತೆ. ಅಂಥವನ್ನೆಲ್ಲ ಜೋಡಿಸಿದ್ದು 1948ರಲ್ಲಿ ರೇಡಿಯೊದಲ್ಲೇ ಪ್ರಸಾರ ಆಯ್ತು. 1951ರಲ್ಲಿ ಅಮೆರಿಕದ ಸಂಗೀತ ರಚನೆಕಾರ ಜಾನ್ ಕೇಜ್ ಹನ್ನೆರಡು ರೇಡಿಯೊ ಸೆಟ್ಟುಗಳಿಗೇ ಒಂದು ಕೃತಿ ಬರೆದ. ಒಂದೊಂದಕ್ಕೆ ಇಬ್ಬರು, ಒಬ್ಬ ಸ್ಟೇಷನ್ ತಿರುಗಿಸೋಕೆ, ಇನ್ನೊಬ್ಬ ವಾಲ್ಯೂಮ್‌ಗೆ. ಗಾಳಿಯಲ್ಲಿ ಆ ಹೊತ್ತಿಗೆ ಏನಿದೆಯೋ ಅದೇ ಸಂಗೀತ.

ಕಿವಿಯಲ್ಲಿ ತಂಬೂರಿ ಕೂತಿದ್ದರೆ ಆ ಗುಂಯ್ ಅನ್ನೋದೇ ನಿಮಗೆ ಸಲೀಸಾದ ಬಾಗಿಲು. ಅಮೆರಿಕದ ಸಂಗೀತ ರಚನೆಕಾರರಾದ ಲಾ ಮಾಂಟೆ ಯಂಗ್, ಟೆರ್ರಿ ರೈಲಿ ಇಬ್ಬರೂ 1970ರಲ್ಲಿ ಕಿರಾಣಾ ಘರಾಣೆಯ ಪಂಡಿತ್ ಪ್ರಾಣನಾಥರ ಶಿಷ್ಯರಾದವರು. ಸ್ವರ ಯಾವಾಗ ಬದಲಾಗುತ್ತೆ ಅಂತ ಕಾಯಬೇಡಿ. ಅದೇ ಸ್ವರದೊಳಗೆ ಮೇಲುಮೇಲಿನ ಸ್ವರಗಳು ಮಿನುಗ್ತಾವೆ, ತಲೆ ಸ್ವಲ್ಪ ಹೊರಳಿಸಿದರೆ ಬೇರೆಯದೇ ಕೇಳುತ್ತೆ. ಮಾಡಿ ನೋಡಿ. ಫೋನ್ ಸ್ಪೀಕರಲ್ಲಿ ಮಾತ್ರ ಬೇಡ, ಕೆಳಗಿನ ಅರ್ಧ ಬರೋದೇ ಇಲ್ಲ.

ಕಡ್ಡಿ_ಮುರಿದಂಗೆ:
ಮೇಲಿನವರು ಹೇಳಿದ್ದಕ್ಕೆ ಅರ್ಧ ಒಪ್ಪಿಗೆ. ನಾನೂ ವರ್ಷಗಟ್ಟಲೆ ಕೇಳಿದೀನಿ. ಎಲ್ಲಾ ಡಿಜೆಗಳೂ ಹೊಲಿಯಲ್ಲ ಸ್ವಾಮಿ, ಎಷ್ಟೋ ಜನ ಕೈಗೆ ಸಿಕ್ಕಿದ್ದು ಸುರೀತಾರೆ. ಒಂದು ರಾತ್ರಿಯಂತೂ ಒಬ್ಬ ಪುಣ್ಯಾತ್ಮ ಸೌಂಡ್ ಮಿಕ್ಸರಿನ ಒಂದೇ ಫೀಡ್‌ಬ್ಯಾಕ್ ಕೀರಲನ್ನ ಷೋ ಪೂರ್ತಿ ಎಳೆದ. ಅದಕ್ಕೂ 'ಆಳವಾಗಿ ಕೇಳಿ' ಅಂತ ಉಪದೇಶ ಮಾಡೋರಿದಾರೆ. ಬೇಜಾರಾದರೆ ಆಫ್ ಮಾಡಿ, ಅದೇನು ಪರೀಕ್ಷೆ ಅಲ್ಲ.

ಶ್ರುತಿಹೀನ:
ಇಬ್ಬರಿಗೂ ಥ್ಯಾಂಕ್ಸ್. ತಲೆ ಹೊರಳಿಸಿದರೆ ನಿಜವಾಗ್ಲೂ ಬದಲಾಗುತ್ತೆ, ಮೊದಲು ನಂಬಲಿಲ್ಲ. ಆದ್ರೆ ಲೈವ್ ಹಾಕಿದಾಗೆಲ್ಲ ಯಾವುದೋ ಷೋ ಮಧ್ಯಕ್ಕೆ ಬಿದ್ದಿರ್ತೀನಿ. ಯಾವ ಡಿಜೆ ಹೊಲಿಯೋರು, ಯಾರು ಸುರಿಯೋರು ಅಂತ ಕಂಡುಹಿಡಿಯೋದು ಹೇಗೆ?

ಮಂದ್ರ_ಪಂಚಮ:
ಲೈವ್ ಬಿಡಿ, ಆರ್ಕೈವ್‌ಗೆ ಹೋಗಿ. ಪ್ರತಿ ಷೋಗೂ ಒಂದು ಪ್ಲೇಲಿಸ್ಟ್ ಪುಟ ಇರುತ್ತೆ: ಕಲಾವಿದರು, ಟ್ರ್ಯಾಕ್, ಯಾವ ಹೊತ್ತಿಗೆ ಬಂತು, ಕೆಳಗೆ ಅವತ್ತು ಕೇಳ್ತಿದ್ದವರ ಹರಟೆ. ಆ ಪುಟ ಮೊದಲು ನೋಡಬೇಡಿ. ಕೇಳ್ತಾ ಕಿವಿ ನೆಟ್ಟಗಾದ ಜಾಗದಲ್ಲಿ ಸಮಯ ಗುರುತು ಹಾಕಿಕೊಂಡು ಆಮೇಲೆ ತೆಗೆದು ನೋಡಿ. ಒಂದು ಡಿಜೆಯ ಮೂರ್ನಾಲ್ಕು ವಾರ ಸಾಲಾಗಿ ಕೇಳಿ. ಹೊಲಿಯೋರು ಆಗಿದ್ದರೆ ಎರಡನೇ ವಾರಕ್ಕೇ ಗೊತ್ತಾಗುತ್ತೆ, ಅವರಿಗೊಂದು ಹಟ ಇರುತ್ತೆ. ಒಬ್ಬರಿಗೆ ಹಳೇ ಆರ್ಗನ್ ಹುಚ್ಚು, ಇನ್ನೊಬ್ಬರಿಗೆ ಮಾತಿನ ರೆಕಾರ್ಡುಗಳ ಹುಚ್ಚು. ಹಟ ಇಲ್ಲದವರನ್ನ ಕಡ್ಡಿಯವರ ಮಾತಿನಂತೆ ಆಫ್ ಮಾಡಿ, ನನ್ನದೇನೂ ತಕರಾರಿಲ್ಲ. ಫೀಡ್‌ಬ್ಯಾಕ್ ಷೋ ಮಾತ್ರ ನಂಗೆ ಲಿಂಕ್ ಕಳಿಸಿ!

ಕಡ್ಡಿ_ಮುರಿದಂಗೆ:
ಕಳಿಸ್ತೀನಿ, ಅನುಭವಿಸಿ. ಹಟ ಅಂದಿರಲ್ಲ, ಕ್ಯಾಲಿಫೋರ್ನಿಯಾದ ಕಾಲೇಜು ಸ್ಟೇಷನ್ ಕೆಎಫ್‌ಜೆಸಿ 1983ರಲ್ಲಿ 'ಲೂಯಿ ಲೂಯಿ' ಅನ್ನೋ ಒಂದೇ ಹಾಡಿನ 800ಕ್ಕೂ ಹೆಚ್ಚು ಆವೃತ್ತಿಗಳನ್ನ 63 ಗಂಟೆ ಬಿಡದೆ ಹಾಕಿತ್ತು. ಆ ಥರದ ಹಟ ಆದ್ರೆ ನಂಗೂ ಇಷ್ಟ. @ಶ್ರುತಿಹೀನ, ಲಂಡನ್ನಿನ ರೆಸೊನೆನ್ಸ್ ಎಫ್‌ಎಂ ಕೂಡ ಹಾಕಿ ನೋಡಿ, 2002ರಲ್ಲಿ ಅಲ್ಲಿನ ಸಂಗೀತಗಾರರ ಕೂಟವೇ ಶುರು ಮಾಡಿದ್ದು. ಲಂಡನ್ನಿನದೇ ಆನ್‌ಲೈನ್ ರೇಡಿಯೊ ಎನ್‌ಟಿಎಸ್ ಇನ್ನೂ ನಯ, ಹೊಸಬರಿಗೆ ಅದೇ ವಾಸಿ ಅಂತ ನನ್ನ ಅಭಿಪ್ರಾಯ. ಮಂದ್ರ ಒಪ್ಪಲ್ಲ ಅಂತ ಗೊತ್ತು.

ಮಂದ್ರ_ಪಂಚಮ:
ಒಪ್ಪಲ್ಲ. ಎನ್‌ಟಿಎಸ್‌ನಲ್ಲಿ ಎಷ್ಟೋ ಷೋ ಮೊದಲೇ ಮಿಕ್ಸ್ ಮಾಡಿ ತಂದದ್ದು, ನುಣ್ಣಗಿರುತ್ತೆ. ಲೈವ್‌ನಲ್ಲಿ ತಪ್ಪು ಸ್ಪೀಡಲ್ಲಿ ರೆಕಾರ್ಡ್ ಇಟ್ಟು, 'ಅಯ್ಯೋ, ಇರಲಿ ಬಿಡಿ, ಹೀಗೇ ಚೆನ್ನಾಗಿದೆ' ಅಂತ ಮುಂದುವರಿಸೋರು ಅಲ್ಲಿ ಸಿಗೋದು ಕಮ್ಮಿ. ನಂಗೆ ಬೇಕಾದ್ದು ಅವರೇ.