ಮಡಿಕೆ ಬಿಚ್ಚಿದರೆ ಮುರಿಯುವ ಹಳೆಯ ಕಾಗದಕ್ಕೆ ಏನನ್ನುತ್ತೀರಿ?

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿರುವ ಹಳೆಯ ಪತ್ರಗಳನ್ನೂ ದಾಖಲೆಗಳನ್ನೂ ಲಕೋಟೆಗಳಿಗೆ ಹಾಕಿ, ಒಳಗಿನ ಕಾಗದ ಯಾವ ಸ್ಥಿತಿಯಲ್ಲಿದೆ ಎಂದು ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಮುಂದೆ ಯಾರು ತೆಗೆದರೂ ಅದನ್ನು ಹೇಗೆ ಮುಟ್ಟಬೇಕು ಅಂತ ಓದಿದ ಕೂಡಲೇ ತಿಳಿಯಬೇಕು. ಅದಕ್ಕೇ ಈ ಪ್ರಶ್ನೆ.

ತೇವ ಕುಡಿದು ಮೆತ್ತಗಾಗಿ, ಎತ್ತಿದರೆ ಕೈಗೆ ಹರಿದು ಬರುವ ಕಾಗದಕ್ಕೆ ‘ಲಡ್ಡು ಹಿಡಿದಿದೆ’ ಅಂದರೆ ಸಾಕು. ಹಳೆಯ ಬಟ್ಟೆಗೂ ಮರಕ್ಕೂ ಹಾಗೇ ಹೇಳುತ್ತೇವೆ ಅಲ್ವಾ. ತೊಂದರೆ ಇರುವುದು ಇನ್ನೊಂದು ಬಗೆಯ ಕಾಗದದ್ದು. 19ನೇ ಶತಮಾನದ ನಡುವಿನಿಂದ ಮರದ ತಿರುಳಿನ ಕಾಗದ ಜಾಸ್ತಿಯಾಯಿತು. ಶಾಯಿ ಹರಡದಿರಲಿ ಅಂತ ಅದಕ್ಕೆ ರಾಳ, ಪಟಿಕ ಸೇರಿಸುತ್ತಿದ್ದರು. ಅದರಿಂದ ಕಾಗದದೊಳಗೇ ಆಮ್ಲ ಉಂಟಾಗಿ ನಾರುಗಳು ತುಂಡಾಗುತ್ತಾ ಹೋಗುತ್ತವೆ, ಬಿಸಿಯೂ ಬೆಳಕೂ ಸೇರಿದರೆ ಇನ್ನೂ ಬೇಗ. ಕೊನೆಗೆ ಮಡಿಕೆ ಬಿಚ್ಚಿದರೆ ಕಾಗದ ಹರಿಯುವುದಿಲ್ಲ, ಮುರಿಯುತ್ತದೆ. ಅದಕ್ಕಿಂತ ಹಳೆಯ, ಚಿಂದಿಬಟ್ಟೆಯ ನಾರಿನಿಂದ ಮಾಡಿದ ಕಾಗದ ಎಷ್ಟೋ ಸಲ ಇದಕ್ಕಿಂತ ಗಟ್ಟಿಯಾಗಿರುತ್ತದೆ.

ಈ ಮುರಿಯುವ ಗುಣಕ್ಕೆ ಪದ ಯಾವುದು? ‘ಒಣಗಿದೆ’ ಅಂತ ಬರೆಯಲು ನನಗೆ ಭಯ, ಯಾರಾದರೂ ಒದ್ದೆ ಬಟ್ಟೆ ಸವರಿಬಿಟ್ಟರೆ ಶಾಯಿ ಕದಡಿ ಅಕ್ಷರವೇ ಹೋಗುತ್ತದೆ. ‘ಗರಿಗರಿ’ ಹೊಸ ನೋಟಿಗೆ ಹೇಳುವ ಮಾತು. ವಿಜ್ಞಾನದ ಪುಸ್ತಕಗಳಲ್ಲಿ ‘ಭಿದುರ’ ಇದೆ, ಅರ್ಥವೂ ಸರಿ, ಆದರೆ ಮನೆಯವರಿಗೆ ನಾನೇ ಪಕ್ಕದಲ್ಲಿ ನಿಂತು ವಿವರಿಸಬೇಕಾಗುತ್ತದೆ. ನನ್ನ ಮನಸ್ಸು ‘ಪೆಡಸು’ ಕಡೆಗಿದೆ. ಆದರೆ ಗಂಜಿ ಹಾಕಿದ ಬಟ್ಟೆಯೂ ಪೆಡಸೇ, ಅದು ಮುರಿಯುವುದಿಲ್ಲ. ‘ಪೆಡಸಾಗಿದೆ, ಮಡಿಕೆ ಬಿಚ್ಚಬೇಡಿ’ ಅಂತ ಬರೆದರೆ ನೀವು ಸರಿಯಾಗಿ ಅರ್ಥ ಮಾಡಿಕೊಳ್ಳುತ್ತೀರಾ? ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಇದಕ್ಕಿಂತ ಒಳ್ಳೆಯ ಮಾತಿದ್ದರೆ ದಯವಿಟ್ಟು ಹೇಳಿ. ಲ್ಯಾಮಿನೇಟ್ ಮಾಡಿಸಿ ಎನ್ನುವ ಸಲಹೆ ಮಾತ್ರ ಬೇಡ, ಆ ಬಿಸಿಯೂ ಅಂಟೂ ಕಾಗದವನ್ನು ಮತ್ತೆ ಬಿಡಿಸಲಾಗದಂತೆ ಹಿಡಿದುಬಿಡುತ್ತವೆ.

ಇನ್ನೊಂದು ಸಣ್ಣ ಸಂದೇಹ. ಕಬ್ಬಿಣದ ಅಂಶವಿದ್ದ ಹಳೆಯ ಶಾಯಿ ಬರೆದ ಗೆರೆಯುದ್ದಕ್ಕೂ ಕಾಗದವನ್ನು ಕೊರೆದು ತೂತು ಮಾಡಿರುತ್ತದೆ. ಅದಕ್ಕೆ ‘ಶಾಯಿ ತಿಂದಿದೆ’ ಅಂತ ಬರೆಯುತ್ತಿದ್ದೇನೆ. ಓದಿದವರು ಹುಳು ತಿಂದದ್ದು ಅಂದುಕೊಳ್ಳುವುದಿಲ್ಲ ತಾನೇ?