ಹಿರ್ಯಾರ ಮುಂದ ನಿರ್ಧಾರ ತಗೊಳ್ಳೂದು ಹೆಂಗ? ಅನುಭವ ಇದ್ದಾವ್ರು ಹೇಳ್ರಿ

ಕೇಳಿದಾವ್ರು, ಮುಧೋಳ ತಾಲೂಕು:
ಹದಿನೆಂಟು ಮಂದಿ ರೈತರು ಕೂಡಿ ಘಟಪ್ರಭಾ ದಂಡಿಗೆ ಮೋಟರ್ ಕುಂದ್ರಿಸೀವಿ. ಈ ವರ್ಷ ನನ್ನ ಮುಖ್ಯಸ್ಥನ್ನ ಮಾಡ್ಯಾರ. ಏನಿದ್ರೂ ಎಲ್ಲಾರ್ನೂ ಕೇಳ್ತೀನಿ, ಕೇಳೂದ್ರಾಗ ವ್ಯಾಳೆ ಹೋಗ್ತೈತಿ. ‘ಇಂವಗ ಧೈರ್ಯ ಇಲ್ಲ’ ಅನ್ನಾಕತ್ತಾರ.

ಜಮಖಂಡಿ ಕಡಿಯಾವ್ರು:
ತಮ್ಮಾ, ನಂದೂ ಇದ ಕಥಿ. 2019ರ ಆಗಸ್ಟ್. ಮಹಾರಾಷ್ಟ್ರದಾಗ ಮಳಿ ಹಿಡದಿತ್ತು, ಕೃಷ್ಣಾ ದಿನಾ ಏರಾಕತ್ತಿತ್ತು. ಮೋಟರ್ ಮ್ಯಾಲ ತಗದ್ರ ಟ್ರ್ಯಾಕ್ಟರ್ ಬಾಡಿಗಿ, ಆಳಿನ ಪಗಾರ, ಮತ್ತ ಇಳಸೂ ಖರ್ಚು. ಸಂಜಿಗೆ ಗುಡಿ ಕಟ್ಟಿ ಮ್ಯಾಲ ಕೂಡಿದ್ವಿ. ಅರ್ಧ ಮಂದಿ ‘ನಾಳೆ ನೋಡೂಣು’ ಅಂದ್ರು. ನಾನೂ ಚಾ ತರಿಸಿ ಸುಮ್ಮನಾದ್ನಿ. ಮುಂಜಾನೆ ಹೋಗಿ ನೋಡಿದ್ರ ಸ್ಟಾರ್ಟರ್ ಪೆಟ್ಟಿಗಿ ತುದಿ ಅಷ್ಟ ಕಾಣಾಕತ್ತಿತ್ತು. ‘ನಾಳೆ’ ಅಂದಾವ್ರ ಮೊದ್ಲ ನನ್ನ ಬೈದ್ರು!

ಮರುವರ್ಷ ಬ್ಯಾಸಗ್ಯಾಗ ಜ್ಯಾಕ್‌ವೆಲ್ (ಮೋಟರ್ ನೀರು ಎತ್ತೂ ಹೊಳಿ ದಂಡಿ ಬಾವಿ) ಗ್ವಾಡಿಗೆ ಕೆಂಪು ಬಣ್ಣದ ಗೆರಿ ಎಳದ್ವಿ. ನೀರು ಅಲ್ಲಿಗೆ ಮುಟ್ಟಿತಂದ್ರ ಯಾರಿಗೂ ಫೋನ್ ಇಲ್ಲ, ಟ್ರ್ಯಾಕ್ಟರ್ ಹೊಂಡೂದು, ಖರ್ಚು ಎಲ್ಲಾರ ಪಾಲಿಗೆ. ಗೆರಿ ಎಷ್ಟು ಎತ್ತರ ಇರಬೇಕು ಅಂತ ಮೂರು ಸಲ ಜಗಳಾಡಿ ಕೂಡೀವಿ, ಆ ಜಗಳ ಬಿಸಲಾಗ ಆಗಿದ್ದು ಚಲೋ ಆತು. ಒಂದ್ಸಲ ಸುಳ್ಳೇ ಮೋಟರ್ ತಗದ್ವಿ, ಹೊಳಿ ಇಳದು ಹೋತು. ನಕ್ಕರು. ನಗಲಿ.

ಗೋಕಾಕದ ಅಕ್ಕಾರು:
ಅಣ್ಣಾರ ಮಾತು ಹೊಳಿಗೆ ಖರೆ, ಸಾಲಕ್ಕ ಅಲ್ಲ. ನಮ್ಮ ಮಹಿಳಾ ಸಂಘದಾಗ ನಾ ‘ಗಟ್ಟಿ’ ಅನಿಸ್ಕೊಳ್ಳಾಕ ಹೋಗಿ, ಯಾರ್ನೂ ಕೇಳದ ಸಂಘದ ಹೆಸರಿಗೆ ಸಾಲಾ ಮಾಡಿ ರೊಟ್ಟಿ ಮಷಿನ್ ತರಿಸಿದ್ನಿ. ಒಬ್ಬಾಕಿನೂ ಕೆಲಸಕ್ಕ ಬರಲಿಲ್ಲ. ‘ನಮ್ಮನ್ನ ಕೇಳಿದ್ರೇನು?’ ಅಂದ್ರು. ಮಷಿನ್ ಇನ್ನೂ ನಮ್ಮ ಪಡಸಾಲ್ಯಾಗ ಐತಿ, ಅದರ ಮ್ಯಾಲ ಅರಿವಿ ಒಣಹಾಕ್ತೀವಿ.

ಬಾಗಲಕೋಟೆಯವರು:
ಜಮಖಂಡಿ ಹತ್ರ ಕೃಷ್ಣಾ ಹೊಳಿಗೆ ಕಟ್ಟಿದ ಚಿಕ್ಕಪಡಸಲಗಿ ಬ್ಯಾರೇಜ್ ನೆನಸ್ರಿ. ಸರ್ಕಾರದ ದಾರಿ ಕಾಯದ ರೈತರು ತಾವ ರೊಕ್ಕಾ ಹಾಕಿ, ಮೈಮುರದು ದುಡದು 1989ರಾಗ ಕಟ್ಟಿದ್ದು. ಮುಂದಾಳು ಸಿದ್ದು ನ್ಯಾಮಗೌಡರು. 1991ರಾಗ ರಾಮಕೃಷ್ಣ ಹೆಗಡೆಯವರನ್ನ ಸೋಲಿಸಿ ಸಂಸದರೂ ಆದ್ರು. ಹೆಸರು ಒಬ್ಬರದು, ರೊಕ್ಕಾ ಮಾತ್ರ ಎಲ್ಲಾರ ಕಿಸೆದ್ದು. ರೊಕ್ಕಾ ಹಾಕಿದಾವ ನಡುವ ಕೈ ಬಿಡೂದಿಲ್ರಿ.

ಕೇಳಿದಾವ್ರು:
ಕೆಂಪು ಬಣ್ಣದ ಡಬ್ಬಿ ತಂದೀನಿ, ಐತವಾರ ಎಲ್ಲಾರ್ನೂ ಕರದೀನಿ. ಅಕ್ಕಾರ, ಆ ಮಷಿನ್ ಮಾರ್ತೀರೇನು? ನಮ್ಮವ್ವ ಕೇಳಾಕತ್ತಾಳ.